ಅಳತೆ ಪುಸ್ತಕ

ಹುಸೇನಪ್ಪ, ಮಿಷನ್ ಸ್ವಲ್ಪ ನಿಲ್ಲಿಸು.
ಈ ಬಂಡಲ್ಲು ಸಂಜೆ ಕೊಟ್ಟರೂ ನಡೀತೈತೆ.
ನಿನ್ನೆ ಚಾ ಕುಡಿಯೋವಾಗ ಅಂದೆಯಲ್ಲ,
ಮಗಳು ಮಾತು ಬಿಟ್ಟಾಳೆ ಅಂತ,
ನಕ್ಕೊಂತ ಅಂದೆ. ನಾನೂ ನಕ್ಕೆ.
ರಾತ್ರಿಯೆಲ್ಲ ಆ ನಗು
ಗಂಟಲಲ್ಲಿ ಜೀನ್ಸ್ ಗುಂಡಿಯಂಗೆ ಸಿಕ್ಕೊಂಡಿತ್ತು.

ಕೌಲ್ ಬಜಾರಿನ ಈ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ.
ಸೂಜಿ ಒಂದು ಹೊಲಿಗೆ ತಪ್ಪಿಸಿದರೆ ಕಿವಿಯಲ್ಲೇ ಹಿಡೀತೀನಿ,
ಹದಿನಾರು ಮಿಷನ್ನಿನ ಗದ್ದಲದೊಳಗೆ
ಯಾವುದರದು ಅಂತ ಬೊಟ್ಟು ಮಾಡ್ತೀನಿ.
ಮನೆಯಲ್ಲಿ ಒಬ್ಬ ಹುಡುಗ ಅರ್ಧ ಊಟಕ್ಕೆ ಎದ್ದುಹೋಗೋದು
ಕೇಳಿಸಲಿಲ್ಲ.

ಮುಕುಂದ. ಒಂಬತ್ತು ಮುಗಿಸಿದವನು.
ಹಗಲು ಮಲಗ್ತಿದ್ದ, ಸೋಮಾರಿ ಅಂದೆ.
ರಾತ್ರಿ ಕೂತಿರ್ತಿದ್ದ, ಮೊಬೈಲು ಅಂದೆ, ಕಸಗೊಂಡೆ.
ಮೊಬೈಲು ನನ್ನ ದಿಂಬಿನ ಕೆಳಗೆ,
ಅವನು ಗೋಡೆ ನೋಡ್ಕೊಂತ ಅಲ್ಲೇ.
ಕೇರಂ ಬೋರ್ಡು ಪಕ್ಕದ ಮನೆ ಹುಡುಗರಿಗೆ ಕೊಟ್ಟುಬಿಟ್ಟ, ಸ್ಟ್ರೈಕರ್ ಸಮೇತ.
ದೊಡ್ಡವನಾದ ಅಂತ ಇವಳಿಗೆ ಹೇಳಿದೆ.
ಭಾವ ತಾಯಿತ ತಂದ. ಕೊರಳು ಬಗ್ಗಿಸಿ ಕಟ್ಟಿಸ್ಕೊಂಡ,
ಹಗ್ಗಕ್ಕೆ ಒಗ್ಗಿದ ಕರುವಿನಂಗೆ.

ಮೇ ತಿಂಗಳು. ಗುಡ್ಡದ ಬಂಡೆ
ರಾತ್ರಿ ಹತ್ತಾದರೂ ಬಿಸಿ ಉಗುಳೋ ದಿನ.
ಇವನ ಮೈಮೇಲೆ ತುಂಬುತೋಳಿನ ಅಂಗಿ,
ಮಣಿಕಟ್ಟಿನ ಗುಂಡಿ ಹಾಕಿದ್ದು ಹಾಕಿದಂಗೇ.
ದರ್ಜಿಯ ಕಣ್ಣು ತೋಳು ನೋಡಿತು.
ಅಪ್ಪನ ಕಣ್ಣಿಗೆ ಇನ್ನೂ ಹದಿನೈದು ದಿನ ಬೇಕಾಯ್ತು.

ಶಾಲೆ ತೆರೆಯೋ ಮುಂಚೆ ವರ್ಷಕ್ಕೊಂದು ಅಂಗಿ ಹೊಲೀತೀನಿ.
ಕೆಂಪು ರಟ್ಟಿನ ಅಳತೆ ಪುಸ್ತಕದಲ್ಲಿ
ಅವನಿಗೇ ಅಂತ ಒಂದು ಹಾಳೆ, ಐದು ವರ್ಷದವನಿದ್ದಾಗಿಂದ.
ಹೋದ ವರ್ಷ ಎದೆ ಮೂವತ್ತೊಂದು.
ಟೇಪು ಸುತ್ತಿದೆ. ಇಪ್ಪತ್ತೊಂಬತ್ತು.
ಮತ್ತೆ ಸುತ್ತಿದೆ.
ಟೇಪು ಹಿಗ್ಗೈತೆ ಅಂತ ಬೈದೆ, ಅಂಗಡಿಯವನಿಗೂ ಬೈದೆ.
ಬೆಳೆಯೋ ಹುಡುಗನ ಎದೆ ಹಿಂದಕ್ಕೆ ಹೋಗ್ತೈತೇನು?

"ಅರ್ಧ ತೋಳಾ, ತುಂಬುತೋಳಾ?"
"ತುಂಬು," ಅಂದ. ಕೈ ಹಿಂದಕ್ಕೆಳಕೊಂಡ.

ತೋಳು ಮೇಲೆ ಸರಿಸಿ ನೋಡಬಹುದಿತ್ತು. ಹೊಡೀಬಹುದಿತ್ತು.
ಚಿಂದಿ ನಡುವೆ ನೆಲದ ಮೇಲೆ ಕೂತೆ.
ನಮ್ಮ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಅನ್ನದ ಮಾತು,
ಕೇಳಿದರೆ ದಾರಿ ತೋರಿಸಿದಂಗೆ ಅಂತ ನಾನೂ ಹೆದರಿದ ಮಾತು,
ಕೇಳಿಬಿಟ್ಟೆ:
"ಸಾಯಬೇಕು ಅನ್ನಿಸ್ತೈತೇನೋ, ಮಗಾ?"

ಕರೆಂಟು ಹೋಗಿತ್ತು. ಫ್ಯಾನು ತಿರುಗಿ ತಿರುಗಿ ನಿಂತಿತು.
"ದಿನಾ ಅಲ್ಲ," ಅಂದ.
ಬಹಳ ಹೊತ್ತಿನ ಮೇಲೆ,
"ಟೇಪು ಹಿಗ್ಗಿಲ್ಲಪ್ಪ."

ಮರುದಿನ ಬಂಡಲ್ಲು ವಾಪಸ್ ಕೊಟ್ಟು ದೊಡ್ಡಾಸ್ಪತ್ರೆಗೆ ಹೋದ್ವಿ.
ಚೀಟಿ ಬರೆಯೋನು ಯಾವ ವಿಭಾಗ ಅಂದ.
ನಾನು ಮೆಲ್ಲಗೆ ಹೇಳಿದೆ, ಅವನು ಜೋರಾಗಿ ಓದಿದ.
ತಲೆ ತಗ್ಗಿಸಿಕೊಂಡು ಬೆಂಚಿಗೆ ಹೋದರೆ
ನಮ್ಮ ವಾಷಿಂಗ್ ಯಜಮಾನನ ತಮ್ಮ, ಮಗಳ ಜೊತೆ,
ಜಾಗ ಮಾಡಿಕೊಟ್ಟ.
ಇಬ್ಬರೂ ಮಳೆ ಸುದ್ದಿ ಮಾತಾಡಿದ್ವಿ.
ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿದಳು.
ನನ್ನ ಮಗ ನಲವತ್ತು ನಿಮಿಷ ಮಾತಾಡಿದ, ಹುಸೇನಪ್ಪ,
ಮುಚ್ಚಿದ ಬಾಗಿಲ ಆಚೆ.
ಶಬ್ದ ಮಾತ್ರ ಬರ್ತಿತ್ತು.

ಗುಣ ಆಯ್ತಾ ಅಂತ ಕೇಳಬೇಡ.
ಮಾತ್ರೆ ಐತೆ, ಹದಿನೈದು ದಿನಕ್ಕೊಮ್ಮೆ ಹೋಗೋದೈತೆ.
ಮನೆಯ ಕತ್ತರಿ, ಬ್ಲೇಡು ಈಗ ಈ ಶೆಡ್ಡಿನ ಬೀಗದೊಳಗೆ.
ಕೆಲವು ದಿನ ನನ್ನ ಮೇಲೇ ರೇಗ್ತಾನೆ, ಒಂದು ರೊಟ್ಟಿ ಹೆಚ್ಚು ತಿಂತಾನೆ.
ಕೆಲವು ದಿನ ಎರಡೂ ಇಲ್ಲ.
ಕೇರಂ ಬೋರ್ಡು ಕೇಳೋಕೆ ಇನ್ನೂ ಹೋಗಿಲ್ಲ.
ಅಂಗಿ ಹೊಲಿದೆ, ಇಪ್ಪತ್ತೊಂಬತ್ತಕ್ಕೇ, ತುಂಬುತೋಳು.
ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ
ಒಳಗೆ ಮಡಚಿಟ್ಟೀನಿ.

ನೀನು ಏಳು.
ಇವತ್ತು ಅವಳ ಪಕ್ಕ ನೆಲದ ಮೇಲೆ ಕೂತ್ಕೊ,
ಕೇಳಿದ ಮೇಲೆ ಉತ್ತರಕ್ಕೆ ಅವಸರ ಮಾಡಬೇಡ.
ನಿನ್ನ ಬಂಡಲ್ಲು ಇತ್ತ ತಳ್ಳು.
ಜಿಪ್ಪು ನಾನು ಹಚ್ಚತೀನಿ.